ಕರೆಂಟು ಬಂದರೆ ಅಂಜುವ ಮನೆ

ನಮ್ಮ ಮಾವನವರಷ್ಟು ಅಂಜುಬುರುಕ ಮನುಷ್ಯ ಇಡೀ ಚಿಕ್ಕೋಡಿ ತಾಲೂಕಿನಲ್ಲಿ ಇನ್ನೊಬ್ಬರು ಇರಲಿಲ್ಲ ಎಂದರೆ ಅವರಿಗೆ ಬೇಸರವೇನೂ ಆಗುತ್ತಿರಲಿಲ್ಲ. ಆದರೆ ಅದನ್ನು ಮೆಲ್ಲಗೆ ಹೇಳಬೇಕಿತ್ತು. ಜೋರಾಗಿ ಹೇಳಿದರೆ ಆ ದನಿಗೇ ಅಂಜಿಬಿಡುತ್ತಿದ್ದರು!

ಹಲ್ಲಿಗೆ ಅಂಜುತ್ತಿದ್ದರು. ಹಲ್ಲಿಗೆ ಅಂಜುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಬಿಡಿ. ನಮ್ಮ ಮಾವ ಹಲ್ಲಿ ಕಾಣದಿದ್ದರೂ ಅಂಜುತ್ತಿದ್ದರು. "ಮುಂಜಾನೆ ಇಲ್ಲೇ ಇತ್ತು, ಈಗೆಲ್ಲಿ ಹೋತು? ಧೋತರದಾಗ ಹೊಕ್ಕೈತೇನ ಮತ್ತ?" ಎಂದು ಎದ್ದು ನಿಂತು ಝಾಡಿಸುತ್ತಿದ್ದರು. ಕ್ಷೌರದ ಕತ್ತಿಗೆ ಅಂಜಿ ಗಡ್ಡ ಬಿಟ್ಟರು. ನಮ್ಮದು ಜೈನರ ಮನೆ, ಇರುವೆಯ ಜೀವಕ್ಕೂ ಬೆಲೆ ಇದೆ. ಗಡ್ಡದಲ್ಲಿ ಹೇನು ಹುಟ್ಟಿ ಅವುಗಳ ಪ್ರಾಣದ ಹೊಣೆ ತಮ್ಮ ತಲೆಗೆ ಬಂದರೆ ಎಂದು ಅಂಜಿ, ಅದನ್ನು ಮತ್ತೆ ಬೋಳಿಸಿದರು. ನಾಯಿಗೆ ಅಂಜಿ, ಹೊರಗೆ ಹೋಗುವಾಗ ಕಿಸೆಯಲ್ಲಿ ರೊಟ್ಟಿಯ ಚೂರು ಇಟ್ಟುಕೊಳ್ಳುತ್ತಿದ್ದರು, ಎದುರಾದರೆ ಎಸೆಯಲಿಕ್ಕೆ. ಊರಿನ ನಾಯಿಗಳೆಲ್ಲ ಅವರ ಬೆನ್ನು ಹತ್ತಲು ಅದೇ ಕಾರಣವೆಂದು ಯಾರು ಹೇಳಿದರೂ ನಂಬಲಿಲ್ಲ!

ಇಂಥ ಮನುಷ್ಯ ಮುನ್ನೂರು ವೋಲ್ಟು ಹರಿಯುವ ಪೆಟ್ಟಿಗೆಯೊಳಗೆ ಕೈ ಹಾಕಿಕೊಂಡು, ಗುನುಗುತ್ತ ಕೂತಿರುತ್ತಿದ್ದರೆಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ನನ್ನನ್ನು ಆ ಮನೆಗೇ ಕೊಟ್ಟಿದ್ದರಲ್ಲ!

ಎಂಬತ್ತರ ದಶಕದ ಮಾತು. ನಾನು ಐಗಳಿಯ ಹುಡುಗಿ. ತವರಿನಲ್ಲಿ ಕರೆಂಟಿನ ಪರಿಚಯ ಒಂದು ಬಲ್ಬಿನಷ್ಟೇ ಇತ್ತು. ಮದುವೆಯಾಗಿ ಚಿಕ್ಕೋಡಿಯ ಮನೆಗೆ ಕಾಲಿಟ್ಟ ದಿನ ಪಡಸಾಲೆಯ ಮೂಲೆಯಲ್ಲಿ ಜರಿಯಂಚಿನ ಬಟ್ಟೆ ಹೊದ್ದು ಏನೋ ಕೂತಿತ್ತು. ಮುಂದೊಂದು ಮಣೆ ಬೇರೆ. ಮನೆದೇವರೇ ಇರಬೇಕೆಂದು ನಾನು ಬಗ್ಗಿ ಕೈ ಚಾಚಿದೆ. ಹಿಂದಿನಿಂದ ಮಾವನವರು ಚೀರಿದರು.

"ಮುಟ್ಟಬ್ಯಾಡವಾ! ಬಂದ್ ಮಾಡಿದ ಮ್ಯಾಲೂ ಕಚ್ಚತೈತಿ ಅದು!"

ನಾನು ಹಾರಿ ಅತ್ತೆಯವರ ಹಿಂದೆ ನಿಂತೆ. ಅತ್ತೆಗೆ ಲೋಕದಲ್ಲಿ ಯಾವುದರ ಅಂಜಿಕೆಯೂ ಇರಲಿಲ್ಲ. ಅವರು ನಕ್ಕು, "ನಮಸ್ಕಾರ ಮಾಡಿದ್ದ ಬರೋಬ್ಬರಿ ಆತು ಬಿಡವಾ. ನನ್ನ ಸವತಿ ಅದು, ಹಿರೇಕಿ" ಎಂದರು.

ಆ ಸವತಿ ನಿಪ್ಪಾಣಿಯಿಂದ ಬಂದವಳು. ಅಲ್ಲಿನ ಒಂದು ಹಳೆಯ ಟಾಕೀಜಿನವರು ಹೊಸ ಯಂತ್ರ ತರಿಸಿ, ವಾಲ್ವು ಎಂಬ ಗಾಜಿನ ಬುರುಡೆಗಳಿದ್ದ ಹಳೆಯ ಸೌಂಡ್ ಸೆಟ್ಟನ್ನು ಹೊರಗೆ ಹಾಕಿದ್ದರು. ನಿಪ್ಪಾಣಿಯಲ್ಲಿ ಮಾವನವರಿಗೆ ಒಬ್ಬ ರೇಡಿಯೋ ರಿಪೇರಿಯ ಗೆಳೆಯರಿದ್ದರು. ಸುದ್ದಿ ತಂದವರು ಅವರೇ. ಆ ಸೆಟ್ಟಿನಲ್ಲಿ ಎರಡು ಭಾಗ. ಗ್ರಾಮಫೋನಿನ ಮುಳ್ಳಿನಿಂದ ಬರುವ ಇರುವೆಯಂಥ ದನಿಯನ್ನು ಎತ್ತಿ ಆಡಿನಷ್ಟು ಮಾಡುವುದು ಮುಂದಿನ ಭಾಗ, ಅದಕ್ಕೆ ಪ್ರೀ-ಆಂಪ್ಲಿಫೈಯರ್ ಅನ್ನುತ್ತಾರೆ. ಆ ಆಡನ್ನು ಆನೆ ಮಾಡಿ ಸ್ಪೀಕರಿಗೆ ನೂಕುವುದು ಹಿಂದಿನ ಭಾಗ, ಅದು ಪವರ್ ಆಂಪ್ಲಿಫೈಯರ್. ಟಾಕೀಜಿನ ಸೆಟ್ಟಿನಲ್ಲಿ ಆನೆ ಸುಟ್ಟು ಸತ್ತಿತ್ತು, ಆಡು ಮಾತ್ರ ಬದುಕಿತ್ತು. ಆಗ ಮಾವನವರಿಗೆ ಹೊಳೆದ ಉಪಾಯವೇ ನಮ್ಮ ಮನೆಯ ಗ್ರಹಚಾರ: ಹಳೆಯ ವಾಲ್ವಿನ ಮುಂಭಾಗಕ್ಕೆ ಕೊಲ್ಲಾಪುರದಿಂದ ಹೊಸ ಟ್ರಾನ್ಸಿಸ್ಟರಿನ ಹಿಂಭಾಗವನ್ನು ತಂದು ಕೂಡಿಸುವುದು!

ನಿಪ್ಪಾಣಿಯ ಗೆಳೆಯರು ಎರಡೂ ಕೈ ಎತ್ತಿ ಬೇಡವೆಂದರಂತೆ.

"ಶೇಟಜೀ, ಇದು ಜೋಡಿ ಆಗೂದಲ್ಲರಿ. ವಾಲ್ವ್ ಅಂದ್ರ ಮುದುಕ, ಕಾಯಾಕ ಹೊತ್ತು ಬೇಕು. ಟ್ರಾನ್ಸಿಸ್ಟರ್ ಅಂದ್ರ ನಾಜೂಕ ಪೋರ. ಮುದುಕ ಒಮ್ಮೆ ಕೆಮ್ಮಿದ್ರ ಪೋರ ಖಲಾಸ್!"

"ದನಿ ಹೆಂಗಿರತೈತಿ ಅದನ್ನ ಹೇಳ್ರಿ."

ಗೆಳೆಯರು ತಲೆ ಕೆರೆದುಕೊಂಡು ನಿಜ ಹೇಳಿಬಿಟ್ಟರು. "ದನಿ ಮಾತ್ರ ಏಕದಮ್ ಗೋಡ್ ನೋಡ್ರಿ. ಜೋನಿಬೆಲ್ಲ ಸುರದಂಗ."

ಮಾವನವರದು ಬೆಲ್ಲದ ಅಡತಿ. ಬೆಲ್ಲದ ವ್ಯಾಪಾರಿಗೆ ಇನ್ನೇನು ಹೇಳಬೇಕು? ಅಂಗಡಿಯನ್ನು ಮಗನಿಗೆ, ಅಂದರೆ ನನ್ನ ಗಂಡನಿಗೆ ಒಪ್ಪಿಸಿ, ತಾವು ಪಡಸಾಲೆಯ ಮೂಲೆ ಹಿಡಿದರು.

ಮೊದಲ ಸಲ ಎರಡನ್ನೂ ಕೂಡಿಸಿ ಚಾಲೂ ಮಾಡಿದ ದಿನ ನಾನು ಅಡಿಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದೆ. ಮಾವನವರು ಪೋರನನ್ನು ಮೊದಲು ಎಬ್ಬಿಸಿ, ಮುದುಕನನ್ನು ಆಮೇಲೆ ಎಬ್ಬಿಸಿದ್ದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುದುಕ ಕೆಮ್ಮಿದ. ಢಮ್ಮ್! ಕಪಾಟಿನ ಕನ್ನಡಿ ಅಲುಗಿತು, ನನ್ನ ಕೈಯ ಕಡಗೋಲು ಹಾರಿತು, ಸ್ಪೀಕರಿನ ಕಾಗದ ಹಪ್ಪಳದಂತೆ ಸಿಡಿದು ಹೊರಬಂತು, ಮಗ್ಗುಲ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿತು. ಎಮ್ಮೆಯ ಒಡತಿ ನಮ್ಮ ಮನೆಗೆ ಓಡಿ ಬಂದಳು.

"ಏನಾತ್ರೀ? ಗ್ಯಾಸ್ ಹಾರೇತೇನು?"

"ನಮ್ಮ ಮನ್ಯಾಗ ಗ್ಯಾಸೇ ಇಲ್ಲಲ್ಲ!" ಎಂದರು ಅತ್ತೆ.

"ಗ್ಯಾಸ್ ಇಲ್ಲದ ಹಾರೇತಾ? ಹಂಗಾದ್ರ ಇನ್ನೂ ಅಂಜಿಕೀನ ಬಿಡ್ರಿ!" ಎಂದು ಆಕೆ ತನ್ನ ಮಕ್ಕಳನ್ನು ಎಳೆದುಕೊಂಡು ತವರಿಗೇ ಹೋದಳು.

ಮಾವನವರನ್ನು ಮಂಚದ ಕೆಳಗಿನಿಂದ ಹೊರಗೆ ತೆಗೆದೆವು. ಮೈ ಗಡಗಡ ನಡುಗುತ್ತಿತ್ತು. ಇನ್ನು ಈ ಹುಚ್ಚು ಬಿಟ್ಟಿತು ಎಂದು ನಾನು ಅಂದುಕೊಂಡೆ. ಅವರು ನಡುಗುತ್ತಲೇ ನೀರು ಕುಡಿದು, ನಡುಗುತ್ತಲೇ ಸ್ಕ್ರೂಡ್ರೈವರ್ ಹುಡುಕಿದರು. "ತಪ್ಪು ನನ್ನದು. ಹಿರಿಯಾರನ್ನ ಮದಲ ಎಬ್ಬಸಬೇಕಿತ್ತು."

ಅಂದಿನಿಂದ ಮನೆಗೆ ಕಾನೂನು ಬಂತು. ಚಾಲೂ ಮಾಡುವಾಗ ಮುದುಕ ಮೊದಲು. ಅವನು ಕಾದು ಕೆಂಪಾದ ಮೇಲೆ ಪೋರ. ಬಂದ್ ಮಾಡುವಾಗ ಪೋರ ಮೊದಲು, ಮುದುಕ ಆಮೇಲೆ. ತಪ್ಪಿದರೆ ಢಮ್. ಅತ್ತೆ ಗೊಣಗುತ್ತಿದ್ದರು: "ನಾ ಈ ಮನಿಗೆ ಬಂದಾಗ ನನಗೂ ಇಷ್ಟು ಹಿರೇರು-ಕಿರೇರು ಕಲಸಿದ್ದಿಲ್ಲ ಇವರು."

ಕಾನೂನು ಪಾಲಿಸಬಹುದಿತ್ತು. ಆದರೆ ಕರೆಂಟು ಪಾಲಿಸಬೇಕಲ್ಲ! ಆಗಿನ ಕಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದು ಅದಕ್ಕೇ ಗೊತ್ತಿರಲಿಲ್ಲ. ಹೋದರೆ ಹೋಗಲಿ, ತೊಂದರೆ ಇದ್ದದ್ದು ಬಂದಾಗ. ಬಂದರೆ ಎರಡೂ ಪೆಟ್ಟಿಗೆಗೆ ಒಟ್ಟಿಗೇ ಬರುತ್ತದೆ. ಪೋರ ತಟ್ಟನೆ ಎದ್ದು ಕೂರುತ್ತಾನೆ. ಮುದುಕ ನಿಧಾನ ಕಾಯುತ್ತಾನೆ, ಕಾಯುತ್ತಾನೆ, ಆಮೇಲೆ... ಅದಕ್ಕೇ ದೀಪ ಆರಿದ ಕೂಡಲೇ ಮನೆಯಲ್ಲಿ ಯಾರಿದ್ದರೂ ಕೈಯ ಕೆಲಸ ಬಿಟ್ಟು ಪಡಸಾಲೆಗೆ ಓಡಿ ಗುಂಡಿ ಆರಿಸಬೇಕು. ನಾನು ಹಿಟ್ಟಿನ ಕೈಯಲ್ಲಿ ಓಡಿದ್ದೇನೆ, ಬಾಯಿಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು ಓಡಿದ್ದೇನೆ. ನನ್ನ ಗಂಡ ಒಮ್ಮೆ ಮೈಗೆ ಸಾಬೂನು ಹಚ್ಚಿಕೊಂಡೇ ಓಡಿ ಬಂದು, ಪಡಸಾಲೆಯಲ್ಲಿ ಕೂತಿದ್ದ ಸದಲಗಾದ ಬೀಗರಿಗೆ ಕೈ ಮುಗಿದು ಹೋದರು! ಬೀಗರು ಆಮೇಲೆ ಬಹಳ ದಿನ ಬರಲಿಲ್ಲ.

ಯಾರೂ ಓಡದಿದ್ದರೆ? ಕರೆಂಟು ಬಂದ ಗಳಿಗೆಗೆ ಇಡೀ ಓಣಿ "ಹೋ!" ಎಂದು ಖುಷಿಯಿಂದ ಕೂಗುತ್ತಿತ್ತು. ನಮ್ಮ ಮನೆ ಮಾತ್ರ ಬೆಳಕಿನಲ್ಲಿ ಉಸಿರು ಹಿಡಿದು ಕೂರುತ್ತಿತ್ತು. ಫ್ಯಾನು ತಿರುಗುತ್ತದೆ. ಯಾರೂ ಮಾತಾಡುವುದಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ... ಢಮ್ಮಿಗಿಂತ, ಢಮ್ಮಿನ ಮುಂಚಿನ ಆ ಮೌನವೇ ನನ್ನ ಜೀವ ತಿನ್ನುತ್ತಿತ್ತು.

ಮಾವನವರ ಅಹಿಂಸೆಯಿಂದ ಇನ್ನೊಂದು ಕಥೆ ಆಯಿತು. ಸಂಜೆ ವಾಲ್ವುಗಳು ಕೆಂಪಗೆ ಹೊಳೆದರೆ ಹುಳಗಳು ಮುತ್ತುತ್ತಿದ್ದವು. ಬಿಸಿ ಗಾಜಿಗೆ ಬಡಿದು ಒಂದು ಹುಳ ಸತ್ತರೂ ಮಾವನವರಿಗೆ ಊಟ ಸೇರುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಉಣ್ಣುವ ಮನೆ ನಮ್ಮದು, ಆಮೇಲೆ ಉಣ್ಣುವ ಹಾಗೂ ಇಲ್ಲ, ಪಾಪ, ಉಪವಾಸವೇ. ಕೊನೆಗೆ ಅತ್ತೆ ನೀರು ಸೋಸುವ ಬಟ್ಟೆಯನ್ನು ತಂದು ವಾಲ್ವುಗಳ ಮೇಲೆ ಗುಡಾರದಂತೆ ಕಟ್ಟಿದರು. ಹುಳಗಳು ಉಳಿದವು. ನಾವು ಉಳಿದದ್ದೇ ಹೆಚ್ಚು! ಅರ್ಧ ಹಾಡಿಗೆ ಹೊಗೆ ಎದ್ದಿತು, ಬಟ್ಟೆಗೆ ಬೆಂಕಿ ಹತ್ತಿತು. ನಾನು ಕೊಡದ ನೀರು ಎತ್ತಿಕೊಂಡು ಓಡಿದೆ. ಮಾವನವರು ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ನೀರ ಹಾಕಬ್ಯಾಡ! ನೀನೂ ಸಾಯತಿ, ವಾಲ್ವೂ ಸಾಯತಾವು!"

ಎರಡರಲ್ಲಿ ಯಾವುದರ ಸಾವಿಗೆ ಹೆಚ್ಚು ಅಂಜಿದರೋ ನಾನು ಕೇಳಲಿಲ್ಲ. ಅತ್ತೆ ಅಷ್ಟರಲ್ಲಿ ಒದ್ದೆ ಗೋಣಿಚೀಲ ಹೊದಿಸುವವರಿದ್ದರು; ಮಾವ ಅದನ್ನೂ ತಡೆದು, ಗುಂಡಿ ಆರಿಸಿ, ಒಣ ಚೀಲ ಒತ್ತಿ ಬೆಂಕಿ ನಂದಿಸಿದರು. ಅಂಗೈ ಬೊಬ್ಬೆ ಎದ್ದಿತ್ತು.

ಹೀಗೆ ನಡುಗುತ್ತ ನಡುಗುತ್ತ ನಾನು ತಾಯಿಯಾದೆ. ಹೆಣ್ಣು ಕೂಸು. ಅತ್ತೆ ಅದನ್ನು 'ಚಿಮಣಿ' ಎಂದು ಕರೆದರು. ಐಗಳಿಯವಳಾದ ನನಗೆ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ಚಂದದ ಕೂಸಿಗೆ ಮಸಿ ಹಿಡಿಯುವ ಹೆಸರೇ ಎಂದು ಬೇಸರಪಟ್ಟೆ. ಆಮೇಲೆ ತಿಳಿಯಿತು, ಅತ್ತೆಯ ಮರಾಠಿಯಲ್ಲಿ ಅದು ಗುಬ್ಬಚ್ಚಿ.

ಚಿಮಣಿ ಹುಟ್ಟಿದ ಮೇಲೆ ಪೆಟ್ಟಿಗೆಯ ಮೇಲಿನ ನನ್ನ ಅಂಜಿಕೆ ದುಪ್ಪಟ್ಟಾಯಿತು. ಢಮ್ಮಿಗೆ ಕೂಸಿನ ಎದೆ ಒಡೆದರೆ? ಆದರೆ ನೋಡಿ, ಕೂಸು ನಮ್ಮೆಲ್ಲರಿಗಿಂತ ಗಟ್ಟಿ! ತೊಟ್ಟಿಲಲ್ಲಿ ಮಲಗಿದ್ದಾಗ ಒಮ್ಮೆ ಢಮ್ ಎಂದಿತು. ನಾನು ಎರಡು ಮೊಳ ಹಾರಿ ತೊಟ್ಟಿಲಿಗೆ ಬಿದ್ದೆ. ಕೂಸು ತುಟಿ ಚೀಪುತ್ತ ನಿದ್ದೆ ಮಾಡುತ್ತಿತ್ತು. ಅತ್ತೆ ಹಿಗ್ಗಿ ಓಣಿಗೆಲ್ಲ ಸಾರಿದರು. "ನನ್ನ ಮ್ಯಾಲ ಹೋಗೇತಿ ಕೂಸು! ಅವರಜ್ಜನ ಗುಣ ಒಂದೂ ಬಂದಿಲ್ಲ!" ನೋಡಲು ಬಂದವರೂ ಮೆಚ್ಚಿದರು. ಎಮ್ಮೆಯ ಒಡತಿಯಂತೂ ತನ್ನ ಎಮ್ಮೆಗೆ ಅದರ ಕಾಲಧೂಳು ಹಚ್ಚಬೇಕೆಂದಳು.

ಎಲ್ಲರೂ ನಗುತ್ತಿದ್ದಾಗ ಮಾವನವರು ನಗುತ್ತಿರಲಿಲ್ಲ. ಅವರು ಯಾವಾಗ ನಕ್ಕರು ಬಿಡಿ ಎಂದು ನಾವು ಲಕ್ಷ್ಯ ಕೊಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅವರ ಹುಚ್ಚು ಬೇರೆ ದಾರಿ ಹಿಡಿಯಿತು. ಮೊದಲು ಅವರಿಗೆ ಬೇಕಾದದ್ದು ಸಿಹಿ ದನಿ, ಎತ್ತರದ ದನಿ. ಈಗ ಹಾಡು ಬೇಡವಾಯಿತು. ತಬಲಾದ ರೆಕಾರ್ಡು ತಂದರು, ಅದರಲ್ಲೂ ಎಡಗೈಯ ಡಗ್ಗಾ ಮಾತ್ರ ಕೇಳಬೇಕು. ಗುಂ, ಗುಂ, ಗುಂ. ದಿನವಿಡೀ ಅದೇ! "ದಪ್ಪ ದನಿ ಬರವಲ್ತು, ದಪ್ಪ ದನಿ ತಿಂದು ಹಾಕತೈತಿ ಇದು" ಎಂದು ಪೆಟ್ಟಿಗೆಯ ಮೇಲೆ ಸಿಟ್ಟಾದರು. ನಿಪ್ಪಾಣಿಯ ಗೆಳೆಯರು ಬಂದರು. ಅವರು ಒಂದು ಕೊಡ, ಒಂದು ದೊಡ್ಡ ಮಣ್ಣಿನ ಹರವಿ ತರಿಸಿ ನಮಗೆ ತಿಳಿಸಿ ಹೇಳಿದರು.

"ಹಿಂಗ ನೋಡ್ರಿ ಬಾಯಾರ. ವಾಲ್ವಿನ ಕೊಡಕ್ಕ ಬಾಯಿ ಸಣ್ಣದು. ಟ್ರಾನ್ಸಿಸ್ಟರಿನ ಹರವಿಗೆ ದಾಹ ದೊಡ್ಡದು. ಸಣ್ಣ ಬಾಯಿಂದ ತೆಳು ನೀರು ಹೋಗತೈತಿ, ದಪ್ಪಂದು ಒಳಗ ಉಳಿತೈತಿ. ಅದಕ್ಕ ನಾ ಮದಲ ಹೇಳಿದ್ದೆ, ಜೋಡಿ ಆಗೂದಲ್ಲ ಅಂತ."

"ಉಪಾಯ ಹೇಳ್ರಿ" ಎಂದರು ಮಾವ.

"ನಡುವ ದೊಡ್ಡ ಕಂಡೆನ್ಸರ್ ಹಾಕಬೇಕು. ಆದ್ರ ಶೇಟಜೀ, ಅದನ್ನ ಹಾಕಿದ್ರ ಢಮ್ಮೂ ದೊಡ್ಡದಾಕೈತಿ."

ನಾನೂ ಅತ್ತೆಯೂ ಒಟ್ಟಿಗೇ "ಬ್ಯಾಡ್ರೀ!" ಎಂದೆವು. ಢಮ್ಮಿಗೆ ಮಂಚದ ಕೆಳಗೆ ಸೇರುವ ಮನುಷ್ಯ ನಮ್ಮ ಕಡೆ ನೋಡಲೂ ಇಲ್ಲ. "ಹಾಕ್ರಿ" ಎಂದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತೇನೆ. ಕಂಡೆನ್ಸರು ದೊಡ್ಡದಾಯಿತು, ಸ್ಪೀಕರು ದೊಡ್ಡದಾಯಿತು, ಡಗ್ಗಾ ಗುಂಯ್ಗುಟ್ಟಿತು, ಢಮ್ಮಿಗೆ ಗೋಡೆಯ ಸುಣ್ಣ ಉದುರಿತು. ಜಮಖಾನೆ ಸುತ್ತಿಟ್ಟು ಬರಿ ಫರಸಿಕಲ್ಲಿನ ನೆಲದ ಮೇಲೆ ಸ್ಪೀಕರು ಇಟ್ಟರು. ಅದರ ಮುಂದೆ ಕೂಸನ್ನು ಕೂಡಿಸಿ, ತಾವು ಎದುರಿಗೆ ಕೂತು, ಅದರ ಮುಖವನ್ನೇ ನೋಡುತ್ತ ಡಗ್ಗಾ ಹಚ್ಚುತ್ತಿದ್ದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಮಾವನವರ ಎದುರು ದನಿ ಎತ್ತಿದವಳಲ್ಲ ನಾನು; ಅಂದು ಎತ್ತಿದೆ.

"ಬಿಡ್ರಿ ಸಾಕು! ಕೂಸಿನ ಕಿವಿ ಹೋಗತಾವು!"

ಮಾವನವರ ಮುಖ ಬೂದಿಯಂತಾಯಿತು. "ಹಂಗ ಅನಬ್ಯಾಡವಾ... ಹಂಗ ಅನಬ್ಯಾಡ" ಎಂದು ಎದ್ದು ಬಸದಿಗೆ ಹೋಗಿಬಿಟ್ಟರು. ಇಷ್ಟು ಸಣ್ಣ ಮಾತಿಗೂ ಅಂಜುತ್ತಾರಲ್ಲ ಎಂದು ನಾನು ಅತ್ತೆಯ ಮುಂದೆ ನಕ್ಕೆ.

ಚಿಮಣಿ ಹೆಜ್ಜೆ ಇಡುವ ಹೊತ್ತಿಗೆ ಒಂದು ಮಧ್ಯಾಹ್ನ. ಅತ್ತೆ ಬಾವಿಯ ಕಡೆ ಇದ್ದರು, ಮಾವ ಬಸದಿಗೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಚಿಮಣಿ ನನಗೆ ಬೆನ್ನು ಮಾಡಿ ತೂಗುಮಣೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಮಡಿಲಿನ ಚುರಮುರಿಯನ್ನು ಒಂದೊಂದೇ ಆರಿಸಿ ತಿನ್ನುತ್ತಿದ್ದಳು. ಕರೆಂಟು ಮುಂಜಾನೆಯೇ ಹೋಗಿತ್ತು. ಗುಂಡಿ ಆರಿಸಲು ಎಲ್ಲರೂ ಮರೆತಿದ್ದೆವು. ಒಮ್ಮೆಲೇ ಫ್ಯಾನು ತಿರುಗತೊಡಗಿತು. ಓಣಿ "ಹೋ!" ಎಂದಿತು.

ನಾನು ಮೊರ ಚೆಲ್ಲಿ ಎದ್ದೆ. ಗುಂಡಿ ದೂರ, ಕೂಸು ಇನ್ನೂ ದೂರ. ಯಾವ ಕಡೆ ಓಡಲಿ? ಓಡಲಾಗಲಿಲ್ಲ. ಕಿವಿ ಮುಚ್ಚಿಕೊಂಡು ನಿಂತಲ್ಲೇ ನಿಂತೆ. ಢಮ್ಮ್! ಮಾಡಿನಿಂದ ಧೂಳು ಉದುರಿತು. ಪಾರಿವಾಳಗಳು ಪಟಪಟನೆ ಹಾರಿದವು. ಹಿತ್ತಲಿನಿಂದ ಅತ್ತೆ "ಸುಡ್ಲಿ ಅದನ್ನ!" ಎಂದು ಬೈದದ್ದು ಕೇಳಿತು.

ಚಿಮಣಿ ಒಂದು ಚುರಮುರಿ ಬಾಯಿಗಿಟ್ಟಳು. ಇನ್ನೊಂದನ್ನು ಆರಿಸಿದಳು.

ಗಟ್ಟಿ ಕೂಸು ಎಂದು ಯಾವಾಗಿನಂತೆ ನಗಬೇಕೆಂದರೆ ನಗು ಬರಲಿಲ್ಲ. ಹಾರಿದ ಪಾರಿವಾಳಗಳನ್ನು ಕಂಡಾಗ ಮಾತ್ರ ಅವಳು ತಲೆ ಎತ್ತಿದ್ದಳು. ನಾನು ಬೆನ್ನ ಹಿಂದೆ ನಿಂತು "ಚಿಮಣೀ" ಎಂದೆ. ಕೂಗಿದೆ. ಚಪ್ಪಾಳೆ ತಟ್ಟಿದೆ. ಅಡಿಗೆಮನೆಯಿಂದ ತಾಟು, ಸೌಟು ತಂದು ಬಡಿದೆ. ಅವಳ ಎಣ್ಣೆ ಹಚ್ಚಿದ ಪುಟ್ಟ ತಲೆ, ಎರಡು ಕಿವಿಯಲ್ಲಿ ಅತ್ತೆ ಚುಚ್ಚಿಸಿದ ಎರಡು ಹರಳು, ಕದಲಲೇ ಇಲ್ಲ. ನಾನು ಬಂದಾಗೆಲ್ಲ ತಿರುಗಿ ನೋಡುತ್ತಿದ್ದಳಲ್ಲ? ನನ್ನ ನೆರಳಿಗೆ ತಿರುಗುತ್ತಿದ್ದಳು. ನನ್ನ ಹೆಜ್ಜೆಗೆ ನಡುಗುವ ನೆಲಕ್ಕೆ ತಿರುಗುತ್ತಿದ್ದಳು. ಕಾಲು ನೆಲ ಬಿಟ್ಟು ತೂಗುಮಣೆ ಏರಿದ ಕೂಡಲೇ ನಾನು ಅವಳ ಪಾಲಿಗೆ ಇರಲೇ ಇಲ್ಲ.

ಮಾವನವರು ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯ ತಾಟು, ಸೌಟು ನೋಡಿದರು. ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲ ಮೇಲೆ ಕುಸಿದು ಕೂತರು.

"ನಿನಗೂ ಗೊತ್ತಾತೇನವಾ?"

'ನಿನಗೂ' ಎಂಬ ಆ ಒಂದು ಮಾತಿಗೆ ನನ್ನ ಕೈಯ ತಾಟು ಬಿತ್ತು.

"ತೊಟ್ಟಲದಾಗ ಇದ್ದಾಗ ಢಮ್ಮಿಗೆ ಕಣ್ಣ ತಗೀಲಿಲ್ಲಲಾ, ಅವತ್ತ ನನ್ನ ಎದಿ ಝಲ್ ಅಂತು. ಗಂಟಿ ಬಾರಿಸಿ ನೋಡಿದೆ, ಪೀಪಿ ಊದಿ ನೋಡಿದೆ. ಏನೂ ಇಲ್ಲ. ಡಗ್ಗಾ ಹಚ್ಚಿದ್ರ ಒಮ್ಮೊಮ್ಮೆ ಕಣ್ಣ ಪಿಳಿಪಿಳಿ ಮಾಡತಿತ್ತು. ಕಿವಿಲೆ ಕೇಳತೈತೋ, ನೆಲದಾಗ ನಡಗಿದ್ದು ತಿಳೀತೈತೋ, ನನಗ ತಿಳೀವಲ್ತು. ದಪ್ಪ ದನಿ ಸ್ವಚ್ಛ ಬಂದ್ರ ತಿಳದೀತು ಅಂತ..."

"ಒಂದ ಮಾತು ಹೇಳಬಾರದೇನ್ರಿ ನಮಗ?"

"ಅಂಜಿಕಿ ಆತವಾ. ಬಾಯಿಬಿಟ್ಟು ಅಂದ್ರ ಖರೇ ಆಕೈತಿ ಅನಿಸ್ತು."

ಮರುದಿನವೇ ಮೀರಜಿಗೆ ಹೊರಟೆವು. ಅಲ್ಲಿ ಕಿವಿಯ ಡಾಕ್ಟರಿದ್ದರು. ಮಾವನವರೇ ಕೂಸನ್ನು ಎತ್ತಿಕೊಂಡರು. ಮಳೆಗಾಲ ಆಗಷ್ಟೇ ಮುಗಿದಿತ್ತು. ಅಂಕಲಿ ದಾಟಿದ ಮೇಲೆ ಕೃಷ್ಣೆಯ ಸೇತುವೆ, ನಮ್ಮ ಕಡೆಯ ಪೂಲು, ಬಂತು. ಬಸ್ಸು ಪೂಲಿಗೆ ಏರಿದ್ದೇ ಮಾವನವರು ಕಣ್ಣು ಬಿಗಿಯಾಗಿ ಮುಚ್ಚಿ ಣಮೋಕಾರ ಮಂತ್ರ ಶುರು ಮಾಡಿದರು. ತೊಡೆಯ ಮೇಲಿದ್ದ ಚಿಮಣಿಗೆ ಅಜ್ಜನ ಕಣ್ಣು ಮುಚ್ಚಿದ್ದು ಸೇರಲಿಲ್ಲ. ಬೆರಳಿನಿಂದ ಒಂದು ರೆಪ್ಪೆ ಎತ್ತಿದಳು, ಇನ್ನೊಂದು ರೆಪ್ಪೆ ಎತ್ತಿದಳು. ಮಾವನವರು ಅನಿವಾರ್ಯವಾಗಿ ಹೊರಗೆ ನೋಡಿದರು. ದಂಡೆಯಿಂದ ದಂಡೆಗೆ ಕೆಂಪು ನೀರು.

"ಹುಟ್ಟಿದಾಗಿಂದ ಈ ಹೊಳಿ ದಾಟೇನಿ. ಹೆಂಗೈತಿ ಅಂತ ನೋಡಿದ್ದು ಇವತ್ತ" ಎಂದರು.

ಡಾಕ್ಟರು ಯಂತ್ರ ಹಚ್ಚಿ, ಬಹಳ ಹೊತ್ತು ಪರೀಕ್ಷೆ ಮಾಡಿದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಏರಿದರೆ ನನ್ನ ಜೀವ ಇಳಿಯುತ್ತಿತ್ತು. ಕೊನೆಗೆ ಹೇಳಿದರು: ತೆಳು ದನಿ, ಚೂಪು ದನಿ ಇವಳಿಗೆ ಕೇಳುವುದೇ ಇಲ್ಲ, ಮುಂದೆಯೂ ಕೇಳುವುದಿಲ್ಲ. ದಪ್ಪ ದನಿ ಮಾತ್ರ, ಎತ್ತಿ ಕಿವಿಯೊಳಗೇ ಕೊಟ್ಟರೆ, ಒಂದಿಷ್ಟು ಕೇಳುತ್ತದೆ. ಕಿವಿಗೆ ಮಷೀನು ಹಾಕಿ, ಮುಖ ನೋಡಿ ಮಾತು ಕಲಿಸಬೇಕು.

"ಇಷ್ಟು ಸಣ್ಣ ವಯಸ್ಸಿನಾಗ ತಂದೀರಿ, ಚಲೋ ಆತು. ಯಾರಿಗೆ ಅನುಮಾನ ಬಂತು?"

ಕೇಳಬಾರದಿತ್ತು! ಮಾವನವರು ವಾಲ್ವಿನ ಕೊಡ, ಟ್ರಾನ್ಸಿಸ್ಟರಿನ ಹರವಿ, ಕಂಡೆನ್ಸರು, ಎಲ್ಲವನ್ನೂ ಹೇಳತೊಡಗಿದರು. ಹೊರಗೆ ಬೇರೆ ರೋಗಿಗಳು ಕೆಮ್ಮುತ್ತಿದ್ದರು. ಡಾಕ್ಟರು ಕೈ ಮುಗಿದು, "ಅಜ್ಜಾರ, ಮದಲ ಆ ಢಮ್ ನಿಲ್ಲಸ್ರಿ. ಇದ್ದಷ್ಟು ಕಿವಿ ಉಳೀಬೇಕಲ್ಲ" ಎಂದರು.

ಢಮ್ ನಿಂತಿತು. ಮಾವನವರು ಕೊಲ್ಲಾಪುರಕ್ಕೆ ಹೋಗಿ ಒಂದು ರಿಲೇ ತಂದು ಕೂಡಿಸಿದರು. ಮುದುಕ ಪೂರ್ತಿ ಕಾಯುವವರೆಗೆ ಅದು ಪೋರನಿಗೆ ಕರೆಂಟನ್ನೇ ಬಿಡುತ್ತಿರಲಿಲ್ಲ. ಆಮೇಲೆ 'ಟಕ್' ಎಂಬ ಸಣ್ಣ ಸದ್ದು, ಅಷ್ಟೇ. ಆದರೂ ಕರೆಂಟು ಬಂದಾಗೆಲ್ಲ ನಾವು ಬಹಳ ದಿನ ಉಸಿರು ಹಿಡಿದೇ ಕೂತೆವು. ಢಮ್ ಬಾರದಿದ್ದರೆ ಏನೋ ಕೆಟ್ಟದ್ದಾಗಿದೆ ಎಂದು ಅತ್ತೆಗೆ ಮೊದಲ ಸಲ ಅಂಜಿಕೆ ಬಂತು!

ಮೀರಜಿನಿಂದ ಬಂದ ಕಿವಿಯ ಮಷೀನು ಕಡ್ಡಿಪೆಟ್ಟಿಗೆಗಿಂತ ದೊಡ್ಡದು. ಎದೆಯ ಮೇಲೆ ಚೀಲದಲ್ಲಿ ಕಟ್ಟಿ, ವೈರು ಎಳೆದು ಕಿವಿಗೆ ಸಿಕ್ಕಿಸಬೇಕು. ಮಾವನವರು ಅದನ್ನು ತಿರುಗಿಸಿ ನೋಡಿ, "ಎಲ್ಲಾ ಟ್ರಾನ್ಸಿಸ್ಟರೇ! ಒಂದರ ವಾಲ್ವ್ ಇಡಬಾರದಾ?" ಎಂದು ಮುಖ ಸಿಂಡರಿಸಿದರು. ಚಿಮಣಿಗೂ ಅದೇ ಅಭಿಪ್ರಾಯವಿದ್ದಂತಿತ್ತು. ಹಾಕಿದ ಮರುಗಳಿಗೆ ಕಿತ್ತು ಎಸೆಯುತ್ತಿದ್ದಳು. ಹಿಟ್ಟಿನ ಡಬ್ಬಿಯಲ್ಲಿ ಹೂಳಿದಳು, ಎಮ್ಮೆಯ ಮುಂದೆ ಇಟ್ಟಳು. ನಾನು ಕಣ್ಣೀರು ಹಾಕಿದೆ, ಗದರಿಸಿದೆ, ಮತ್ತೆ ಕಣ್ಣೀರು ಹಾಕಿದೆ. ಇವಳು ಮಾತು ಕಲಿಯುವುದು ಯಾವಾಗ? ನನ್ನನ್ನು ಅವ್ವ ಎನ್ನುವುದು ಯಾವಾಗ? ನನ್ನ ಗಂಡ ಅಂಗಡಿಯಿಂದ ಬಂದು ಏನೂ ಕೇಳದೆ ನನ್ನ ಮುಖ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಮಾವನವರು ಪೆಟ್ಟಿಗೆಗೆ ಒಂದು ಮೈಕು ಕೂಡಿಸಿದರು. ದಿನಾ ಊಟವಾದ ಮೇಲೆ ಮೈಕನ್ನು ಬಾಯಿಯ ಹತ್ತಿರ ಹಿಡಿದು, ಗಂಟಲನ್ನು ಆದಷ್ಟು ದಪ್ಪ ಮಾಡಿಕೊಂಡು, ಅವಳ ಹೆಸರು ಹೇಳುತ್ತಿದ್ದರು. ಹುಟ್ಟಾ ಕೀರಲು ದನಿ ಅವರದು. ದಪ್ಪ ಮಾಡುವಾಗ ಕುತ್ತಿಗೆಯ ನರಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಮೊದಮೊದಲು ಓಣಿಯ ಹುಡುಗರು ಕಿಟಕಿಯಲ್ಲಿ ನಿಂತು ಅಣಕಿಸಿದರು. ಆಮೇಲೆ ಅವರಿಗೂ ಬೇಸರವಾಯಿತು. ಮಾವನವರಿಗೆ ಆಗಲಿಲ್ಲ.

ದಿನಗಳು ಹೋದವು. ಒಂದು ಮಧ್ಯಾಹ್ನ ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು, ನಾನು ರವಿಕೆಗೆ ಗುಂಡಿ ಹಚ್ಚುತ್ತಿದ್ದೆ. ಚಿಮಣಿ ಪಡಸಾಲೆಯ ನಡುವೆ ತೂಗುಮಣೆಯಲ್ಲಿ ಕೂತು ಹುಣಸೆಬೀಜ ಜೋಡಿಸುತ್ತಿದ್ದಳು. ಮಷೀನು ಅಂದು ಹೇಗೋ ಅವಳ ಕಿವಿಯಲ್ಲೇ ಉಳಿದಿತ್ತು. ಸ್ಪೀಕರು ಅವಳ ಎದುರಿಗೆ, ಮಾವನವರು ಅವಳ ಬೆನ್ನಿಗೆ.

"ಚಿಮಣೀ" ಎಂದಿತು ಸ್ಪೀಕರು.

ಹುಣಸೆಬೀಜ ಹಿಡಿದ ಕೈ ನಿಂತಿತು. ಅವಳು ಸ್ಪೀಕರಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ನಾನು ಉಸಿರಾಡಲಿಲ್ಲ. ಆಮೇಲೆ ತೂಗುಮಣೆಯ ಸರಪಳಿ ಹಿಡಿದು ಪೂರ್ತಿ ಹಿಂದಕ್ಕೆ ತಿರುಗಿ, ಅಜ್ಜನನ್ನು ನೋಡಿದಳು.

ಮಾವನವರು ಮತ್ತೊಮ್ಮೆ ಹೇಳಿದರು. ಅವಳು ಇಳಿದು, ಬೀಜಗಳನ್ನು ತುಳಿಯುತ್ತ ಹೋಗಿ, ಅವರ ತುಟಿಯ ಮೇಲೆ ಬೆರಳಿಟ್ಟಳು. ಇಲ್ಲಿಂದಲೇ ಬಂತು ಎಂದು ಖಾತ್ರಿ ಮಾಡಿಕೊಳ್ಳುವವಳಂತೆ ತುಟಿಯನ್ನು ಹಿಡಿದು ಎಳೆದಳು, ಇನ್ನೊಮ್ಮೆ ಅನ್ನು ಎಂದು.

ಮಾವನವರಿಗೆ ಅನ್ನಲಾಗಲಿಲ್ಲ. ಬಾಯಿಯ ಮುಂದಿನ ಮೈಕು ಚಾಲೂ ಇತ್ತು. ಒಬ್ಬ ಮುದುಕ ಬಿಕ್ಕಿ ಬಿಕ್ಕಿ ಅಳುವುದು ಇಡೀ ಓಣಿಗೆ ಕೇಳುತ್ತಿತ್ತು. ಅತ್ತೆ ಹೂಬತ್ತಿಯ ತಟ್ಟೆ ಕೆಳಗಿಟ್ಟು ಎದ್ದರು, ಬೀದಿಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು. ಪೆಟ್ಟಿಗೆಯನ್ನು ಮಾತ್ರ ಬಂದ್ ಮಾಡಲಿಲ್ಲ.